ದೊಡ್ಡವರಿಲ್ಲದ ಮನೆ: ಮಲೆನಾಡಿನಲ್ಲಿ ಕಡಿಮೆ ಖರ್ಚಿನ ಹಾರರ್ ಸಿನಿಮಾ ಮಾಡುವ ಬಗೆ

ಹಾರರ್ ಸಿನಿಮಾ ಮಾಡ್ತೀವಿ ಅಂತ ಹೊರಟವರು ಮೊದಲು ಕೇಳುವುದು ಯಾವ ಕ್ಯಾಮೆರಾ ಅಂತ. ಆಮೇಲೆ ದೆವ್ವದ ಮೇಕಪ್ ಯಾರು ಮಾಡ್ತಾರೆ ಅಂತ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಕೈಯಲ್ಲಿ ಐವತ್ತು-ಅರವತ್ತು ಸಾವಿರ ರೂಪಾಯಿ, ಒಂದು ಒಳ್ಳೆಯ ಫೋನು, ಹದಿನೈದು-ಹದಿನಾರು ವಯಸ್ಸಿನ ನಾಲ್ಕೈದು ಮಕ್ಕಳು, ತೋಟದ ಮಧ್ಯೆ ಒಂದು ಹಳೇ ಹೆಂಚಿನ ಮನೆ. ಇಷ್ಟಿದ್ದರೆ ಇಪ್ಪತ್ತು-ಇಪ್ಪತ್ತೈದು ನಿಮಿಷದ ಸಿನಿಮಾ ಆಗುತ್ತದೆ. ಕಥೆ ಸರಳ: ಮನೆಯಲ್ಲಿ ದೊಡ್ಡವರು ಯಾರೂ ಇಲ್ಲ, ಮಕ್ಕಳು ಮೂರು ರಾತ್ರಿ ಕಳೆಯಬೇಕು. ಇಂಥ ಕಥೆಯಲ್ಲಿ ದೆವ್ವಕ್ಕೆ ದುಡ್ಡು ಹಾಕಬಾರದು. ಹೆದರಿಕೆ ದೊಡ್ಡವರು ಇಲ್ಲದ ಜಾಗದಿಂದ ಹುಟ್ಟಬೇಕು. ಅದಕ್ಕೆ ದುಡ್ಡಿಗಿಂತ ಜಾಸ್ತಿ ತಯಾರಿ ಬೇಕು.

ಹಂತ 1: ದೊಡ್ಡವರನ್ನು ಮನೆಯಿಂದ ಕಳಿಸಿ

ಯಾಕೆ ಇಲ್ಲ ಅನ್ನುವುದಕ್ಕೆ ನೋಡುವವರು ಒಪ್ಪುವ ಕಾರಣ ಬೇಕು. ಈ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಬೆಂಗಳೂರಿನ ಫ್ಲಾಟ್‌ನಲ್ಲಿ ಕಥೆ ಇಟ್ಟರೆ ಮಕ್ಕಳು ಲಿಫ್ಟ್ ಇಳಿದು ಸೆಕ್ಯುರಿಟಿ ಹತ್ತಿರ ಹೋಗುತ್ತಾರೆ, ಕಥೆ ಮುಗಿಯಿತು. ಹೊಸನಗರದ ಒಳಗಿನ ಒಂಟಿ ಮನೆಯಲ್ಲಿ ಹಾಗಲ್ಲ. ದೊಡ್ಡವರು ಹೊಳೆಯಾಚೆ ನೆಂಟರ ಮನೆಗೆ ಸಾವಿಗೆ ಹೋಗಿದ್ದಾರೆ, ಸಂಜೆ ಮಳೆಗೆ ಕಾಲುಸಂಕ ಕೊಚ್ಚಿಹೋಗಿದೆ. ಇಷ್ಟು ಸಾಕು, ಯಾರೂ ಪ್ರಶ್ನೆ ಕೇಳುವುದಿಲ್ಲ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಅಂದರೂ ನಡೆಯುತ್ತದೆ. ಮಳೆಗಾಲದಲ್ಲಿ ಅದು ಕೇಳದ ಸುದ್ದಿ ಏನಲ್ಲ.

ಫೋನಿನ ಬಾಯಿ ಮುಚ್ಚಿಸಲು ಒಂದು ಸಾಲು ಸಾಕು. ಕರೆಂಟ್ ಹೋಗಿ ಎರಡು ದಿನ ಆದರೆ ಟವರಿನ ಬ್ಯಾಟರಿಯೂ ಖಾಲಿ. ಇದನ್ನು ಮಾತಿನಲ್ಲಿ ಹೇಳಿಸಬೇಡಿ. ಹುಡುಗನೊಬ್ಬ ಸಿಗ್ನಲ್ ಸಿಗುವ ದಿಬ್ಬ ಹತ್ತಿ, ಫೋನ್ ಮೇಲೆತ್ತಿ ಹಿಡಿದು, ಹಾಗೇ ಇಳಿದು ಬರಲಿ. ಆ ದಿಬ್ಬ ಇಲ್ಲದ ಊರು ನಮ್ಮಲ್ಲಿ ಯಾವುದಿದೆ?

ಶರಾವತಿ ಹಿನ್ನೀರಿನ ಕಥೆ ಮಾಡುವವರು ಕಾಲ ನೋಡಿಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು. ಕೊನೆಯ ಲಾಂಚ್ ಹೋದರೆ ರಾತ್ರಿ ಅಲ್ಲೇ. ಹಾರರ್ ಕಥೆಗೆ ಅದಕ್ಕಿಂತ ಒಳ್ಳೆಯ ಬಾಗಿಲು ಸಿಗಲಿಕ್ಕಿಲ್ಲ. ಆದರೆ 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ಹಾಗಾಗಿ ಲಾಂಚ್ ನಿಂತು ಸಿಕ್ಕಿಹಾಕಿಕೊಂಡ ಕಥೆಯನ್ನು ಅದಕ್ಕಿಂತ ಹಿಂದಕ್ಕೆ ಇಡಿ. ಗೋಡೆಯ ಮೇಲೆ ಹಳೇ ಕ್ಯಾಲೆಂಡರ್, ಕೈಯಲ್ಲಿ ಬಟನ್ ಫೋನ್ ಇದ್ದರೆ ಆಯಿತು.

ಮಂಗನ ಕಾಯಿಲೆಯನ್ನು ಕಾರಣ ಮಾಡುವ ಆಸೆ ಕೆಲವರಿಗೆ ಬರುತ್ತದೆ. 1957ರಲ್ಲಿ ಅದು ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ಈ ಊರುಗಳಲ್ಲಿ ಅದರಿಂದ ಮನೆಯವರನ್ನು ಕಳೆದುಕೊಂಡವರು ಈಗಲೂ ಇದ್ದಾರೆ. ಬರೀ ಬೆಚ್ಚಿಬೀಳಿಸಲು ಅದನ್ನು ಎಳೆದು ತರಬೇಡಿ. ಚೌಡಿ, ಭೂತದ ಕಟ್ಟೆ, ನಾಗಬನದ ವಿಷಯಕ್ಕೂ ನಾನು ಇದನ್ನೇ ಹೇಳುತ್ತೇನೆ. ನಿಜವಾಗಿ ಪೂಜೆ ನಡೆಯುವ ಜಾಗದ ಹತ್ತಿರ ಕ್ಯಾಮೆರಾ ಒಯ್ಯುವುದೇ ಬೇಡ. ನಿಮ್ಮ ಕಥೆಗೆ ಅದು ಬೇಕಾಗಿಯೂ ಇಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 2: ಮನೆಗೆಲಸದ ಪಟ್ಟಿ ಮಾಡಿ, ಅದೇ ನಿಮ್ಮ ಕಥೆ

ಕಥೆ ಬರೆಯುವ ಮೊದಲು ಅಂಥ ಮನೆಯೊಂದಕ್ಕೆ ಹೋಗಿ. ಅಲ್ಲಿನ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ: ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡ್ತೀರಿ? ಅವರು ನಗುತ್ತಾರೆ. ಬಿಡಬೇಡಿ, ಒಂದೊಂದಾಗಿ ಬರೆದುಕೊಳ್ಳಿ. ಬಚ್ಚಲ ಒಲೆಗೆ ಬೆಂಕಿ. ಹಾಲು ಕರೆಯುವುದು. ಅಂಗಳ ಗುಡಿಸಿ ರಂಗೋಲಿ. ದೇವರ ದೀಪ. ಕೊಟ್ಟಿಗೆಗೆ ಸೊಪ್ಪು. ಅಬ್ಬಿ (ಗುಡ್ಡದ ಝರಿ) ನೀರಿನ ಪೈಪಿಗೆ ಎಲೆ ಸಿಕ್ಕಿದ್ದರೆ ಬಿಡಿಸುವುದು. ನಾಯಿಗೆ ಅನ್ನ. ಸಂಜೆ ಲಾಟೀನಿನ ಗಾಜು ಒರೆಸುವುದು. ರಾತ್ರಿ ಹಿಂಬಾಗಿಲ ಅಗಳಿ ಹಾಕುವುದು.

ಈ ಪಟ್ಟಿಯನ್ನು ಎರಡು ಸಲ ಬಳಸಬೇಕು.

ಮೊದಲ ಸಲ, ಒಂದೊಂದೇ ಕೆಲಸ ನಿಲ್ಲಲಿ. ಮಕ್ಕಳಿಗೆ ಮೊದಲು ಖುಷಿ. ಬೈಯುವವರಿಲ್ಲ, ಅಟ್ಟದ ಮೇಲಿನ ಡಬ್ಬಿ ಖಾಲಿ ಮಾಡುತ್ತಾರೆ, ತಡವಾಗಿ ಏಳುತ್ತಾರೆ. ಆಮೇಲೆ ಹಸು ಕೂಗಲು ಶುರು ಮಾಡುತ್ತದೆ. ಕೆಚ್ಚಲು ಬಿಗಿದಿದೆ, ಯಾರಿಗೂ ಹಾಲು ಕರೆಯಲು ಬರುವುದಿಲ್ಲ. ರಾತ್ರಿಯಿಡೀ ಅದರ ಕೂಗು. ನೀರು ನಿಲ್ಲುತ್ತದೆ. ಒಲೆ ಹತ್ತುವುದಿಲ್ಲ, ಸೌದೆ ಹಸಿ. ಇಲ್ಲಿಯವರೆಗೆ ದೆವ್ವದ ಸುಳಿವೂ ಇಲ್ಲ, ಆದರೂ ನೋಡುವವರ ಹೊಟ್ಟೆಯಲ್ಲಿ ಸಂಕಟ ಶುರುವಾಗಿರುತ್ತದೆ.

ಎರಡನೇ ಸಲ, ನಿಂತ ಕೆಲಸಗಳು ತಾವೇ ಆಗಲು ಶುರುವಾಗಲಿ. ಬೆಳಿಗ್ಗೆ ಎದ್ದರೆ ಅಂಗಳ ಗುಡಿಸಿದೆ. ದೇವರ ಮುಂದೆ ದೀಪ ಉರಿಯುತ್ತಿದೆ. ಮಕ್ಕಳಲ್ಲಿ ಯಾರೂ ಮಾಡಿಲ್ಲ. ಸ್ಕ್ರಿಪ್ಟಿನಲ್ಲಿ ಅದು ಹೀಗೆ ಕಾಣುತ್ತದೆ:

ದೃಶ್ಯ 9. ಬಚ್ಚಲುಮನೆ. ಬೆಳಗಿನ ಜಾವ.
ಸುಮ ಮುಖ ತೊಳೆಯಲು ಬರುತ್ತಾಳೆ. ಹಂಡೆಗೆ ಚೊಂಬು ಅದ್ದುತ್ತಾಳೆ. ಥಟ್ಟನೆ ಕೈ ಹಿಂದಕ್ಕೆ. ನೀರು ಬಿಸಿ. ಬಗ್ಗಿ ಒಲೆ ನೋಡುತ್ತಾಳೆ. ಕೆಂಡ.
ಸುಮ: ಪಚ್ಚೂ... ಒಲೆಗೆ ಬೆಂಕಿ ಹಾಕಿದ್ದು ನೀನೇನಾ?
ಪಚ್ಚು (ಒಳಗಿನಿಂದ): ನಂಗೆಲ್ಲಿ ಬರತ್ತೆ ಅಕ್ಕ? ನಾನು ಈಗ ಎದ್ದಿದ್ದು.
ಸುಮ: ಮತ್ಯಾರು?
ಪಚ್ಚು: ಅಮ್ಮ ಬಂದ್ರಾ?
ಸುಮ ಉತ್ತರಿಸುವುದಿಲ್ಲ. ಕಿವಿಗೊಡುತ್ತಾಳೆ. ರಾತ್ರಿಯಿಡೀ ಕೂಗುತ್ತಿದ್ದ ಹಸು ಈಗ ಸುಮ್ಮನಿದೆ.

ಇದಕ್ಕೆ ಆದ ಖರ್ಚು ನಾಲ್ಕು ಕೊಳ್ಳಿ ಸೌದೆ. ಹಸುವಿನ ಹಾಲು ಯಾರು ಕರೆದರು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡುವವರೇ ಲೆಕ್ಕ ಹಾಕುತ್ತಾರೆ. ಕೊನೆಯವರೆಗೂ ಆ 'ಯಾರೋ' ಮುಖ ತೋರಿಸಬೇಕಾಗಿಲ್ಲ. ಮೂರನೇ ರಾತ್ರಿ ಐದು ಮಕ್ಕಳಿಗೆ ಆರು ಬಾಳೆಎಲೆ ಹಾಕಿದ್ದರೆ ಸಾಕು.

ಮಾತಿನ ಬಗ್ಗೆ ಒಂದಿಷ್ಟು. ಮಕ್ಕಳಿಂದ ಪುಸ್ತಕದ ಕನ್ನಡ ಆಡಿಸಬೇಡಿ. ಸೀರಿಯಲ್ ಕನ್ನಡವಂತೂ ಬೇಡವೇ ಬೇಡ. ತೀರ್ಥಹಳ್ಳಿಯ ಹುಡುಗ 'ಎಂಥ ಮಾರಾಯ' ಅಂತಲೇ ಹೆದರಲಿ. ದೃಶ್ಯ ವಿವರಿಸಿ, ಅವರ ಬಾಯಲ್ಲಿ ಬಂದ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅದನ್ನೇ ಸ್ಕ್ರಿಪ್ಟಿಗೆ ಹಾಕಿ. 'ಇಲ್ಲಿ ಏನೋ ಸರಿಯಿಲ್ಲ' ಅನ್ನುವ ಥರದ ಸಾಲು ಕಂಡರೆ ಕಣ್ಣುಮುಚ್ಚಿ ಹೊಡೆದುಹಾಕಿ.

ಹಂತ 3: ಮಕ್ಕಳನ್ನು ಆರಿಸುವುದು, ಕಾನೂನು

ಸಾಧ್ಯವಾದಷ್ಟು ಹದಿನಾಲ್ಕು ದಾಟಿದವರನ್ನೇ ತೆಗೆದುಕೊಳ್ಳಿ. ಹದಿನಾಲ್ಕರ ಒಳಗಿನ ಮಗು ಸಿನಿಮಾದಲ್ಲಿ ಕೆಲಸ ಮಾಡಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ. ದುಡಿಮೆಯ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲೇ ಬ್ಯಾಂಕ್ ಠೇವಣಿಯಾಗಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ ಬಂದ ನಿಯಮಗಳಿವು. ಚಿಕ್ಕ ತಂಡಕ್ಕೆ ಇಷ್ಟೆಲ್ಲ ಓಡಾಟ ಕಷ್ಟ. ಹದಿನಾರರ ಹುಡುಗ ಸಣಕಲಾಗಿದ್ದರೆ ಹದಿಮೂರರವನ ಹಾಗೆ ಕಾಣುತ್ತಾನೆ, ಅವನನ್ನೇ ಹುಡುಕಿ.

ದೊಡ್ಡ ಮಕ್ಕಳಾದರೂ ಅಪ್ಪ-ಅಮ್ಮ ಇಬ್ಬರಿಂದಲೂ ಬರೆಸಿಕೊಳ್ಳಿ. ಕಥೆ ಪೂರ್ತಿ ಹೇಳಿ. ಹುಡುಗಿಯರಿದ್ದರೆ ಜೊತೆಗೆ ಒಬ್ಬ ಹೆಂಗಸು ಸೆಟ್‌ನಲ್ಲಿ ಸದಾ ಇರಬೇಕು, ಅತ್ತೆಯೋ ಟೀಚರೋ ಯಾರಾದರೂ ಸರಿ. ತೆರೆಯ ಮೇಲೆ ದೊಡ್ಡವರಿಲ್ಲದ ಸಿನಿಮಾದ ಹಿಂದೆ ಬೇರೆಲ್ಲ ಸಿನಿಮಾಗಿಂತ ಜಾಸ್ತಿ ದೊಡ್ಡವರು ಬೇಕು. ರಾತ್ರಿ ಹತ್ತಕ್ಕೆ ಪ್ಯಾಕಪ್, ಚರ್ಚೆ ಇಲ್ಲ.

ನಟನೆ ಬರುವ ಮಕ್ಕಳು ಶಿವಮೊಗ್ಗ ಜಿಲ್ಲೆಯಲ್ಲಿ ಹುಡುಕಿದರೆ ಸಿಗುತ್ತಾರೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ಶುರುವಾದದ್ದು. ಅಲ್ಲಿ ಕಲಿತವರು ಎಷ್ಟೋ ಶಾಲೆಗಳಲ್ಲಿ ನಾಟಕ ಆಡಿಸಿದ್ದಾರೆ. ಶಿವಮೊಗ್ಗದಲ್ಲಿ ರಂಗಾಯಣವೂ ಇದೆ. ಒಂದೇ ತೊಂದರೆ, ನಾಟಕದ ಮಕ್ಕಳು ಹಿಂದಿನ ಸಾಲಿಗೂ ಕೇಳುವಂತೆ ಮಾತಾಡುತ್ತಾರೆ. ಪಕ್ಕದಲ್ಲಿ ಮಲಗಿದವನಿಗೆ ಮಾತ್ರ ಕೇಳುವಂತೆ ಹೇಳಲು ಅಭ್ಯಾಸ ಮಾಡಿಸಿ. ದೀಪ ಆರಿಸಿ, ಎಲ್ಲರನ್ನೂ ಚಾಪೆ ಮೇಲೆ ಮಲಗಿಸಿ, ಕತ್ತಲಲ್ಲೇ ಸಂಭಾಷಣೆ ಓದಿಸಿದರೆ ದನಿ ತಾನಾಗಿಯೇ ಇಳಿಯುತ್ತದೆ.

ಹಂತ 4: ಯಾವಾಗ, ಎಲ್ಲಿ

ಮಳೆಗಾಲದಲ್ಲಿ ಶೂಟಿಂಗ್ ಅಂತ ಹೊರಡಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಕ್ಯಾಮೆರಾ, ಮೈಕು, ಮಕ್ಕಳು, ಮೂರಕ್ಕೂ ಜ್ವರ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ.

ಉಳಿಯುವುದು ದಸರಾ ರಜೆ. ಮಕ್ಕಳಿಗೆ ಬಿಡುವು. ಗುಡ್ಡ ಇನ್ನೂ ಹಸಿರು, ಬೆಳಿಗ್ಗೆ ಮಂಜು, ಸಂಜೆ ಒಂದೊಂದು ದಿನ ಗುಡುಗು. ಅಡಿಕೆ ಕೊಯ್ಲು ಜೋರಾಗುವ ಮುಂಚೆ ಮುಗಿಸಿಬಿಡಬೇಕು. ಅಡಿಕೆ ಗೊನೆ ಇಳಿಸುವ ಕೊನೆಗೌಡರು ಬಂದರೆಂದರೆ ಆ ಮನೆಯಲ್ಲಿ ನಿಮಗೆ ನಿಲ್ಲಲೂ ಜಾಗ ಇರುವುದಿಲ್ಲ.

ನಿಜವಾದ ಮಳೆ ಬೇಕಲ್ವಾ? ಜುಲೈನಲ್ಲಿ ಇಬ್ಬರೇ ಛತ್ರಿ ಹಿಡಿದು ಹೋಗಿ. ತುಂಬಿದ ಹಳ್ಳ, ಹೆಂಚಿನಿಂದ ಸುರಿಯುವ ನೀರು, ತೋಟದ ಮೇಲೆ ಇಳಿದ ಮೋಡ, ಮುಳುಗಿದ ಗದ್ದೆಬದು, ಇವನ್ನೆಲ್ಲ ಸ್ಟ್ಯಾಂಡ್ ಮೇಲೆ ಫೋನಿಟ್ಟು ಒಂದೊಂದು ನಿಮಿಷ ತೆಗೆದಿಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಕಿಟಕಿಯಿಂದ ಹೊರಗೆ ನೋಡುವ ಹುಡುಗಿಯ ಮುಖ ತೆಗೆಯಿರಿ. ಎರಡನ್ನೂ ಜೋಡಿಸಿದರೆ ಮಳೆ ಬಂದಾಯಿತು.

ಮನೆ ಆರಿಸುವಾಗ ಅಂದಕ್ಕಿಂತ ರಸ್ತೆ ಮುಖ್ಯ. ಜೀಪ್ ಬಾಗಿಲವರೆಗೆ ಬರಬೇಕು, ಆಸ್ಪತ್ರೆ ಅರ್ಧ-ಮುಕ್ಕಾಲು ಗಂಟೆಯ ದಾರಿಯೊಳಗೆ ಇರಬೇಕು. ಜಗಲಿ, ಅಟ್ಟ, ಬಚ್ಚಲು, ಕೊಟ್ಟಿಗೆ ಇರುವ ಮನೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಈಗಲೂ ಬೇಕಾದಷ್ಟಿವೆ. ಆಗುಂಬೆಯ ದೊಡ್ಡಮನೆಯಲ್ಲಂತೂ 1980ರ ದಶಕದಲ್ಲೇ ಟೀವಿ ಧಾರಾವಾಹಿಯ ಶೂಟಿಂಗ್ ನಡೆದಿತ್ತು, ಹಾಗಾಗಿ ಆ ಕಡೆಯವರಿಗೆ ಕ್ಯಾಮೆರಾ ಹೊಸದಲ್ಲ. ಆದರೆ ಹೆಸರಾದ ಮನೆಗಿಂತ ನಿಮ್ಮ ಸ್ನೇಹಿತರ ದೊಡ್ಡಪ್ಪನ ಮನೆಯೇ ವಾಸಿ, ಊಟದ ಚಿಂತೆಯೂ ತಪ್ಪುತ್ತದೆ.

ಕಾಡಿನ ದೃಶ್ಯವನ್ನು ಸ್ವಂತ ಜಮೀನಿನ ಅಂಚಿನಲ್ಲೇ ಮಾಡಿ. ಶೆಟ್ಟಿಹಳ್ಳಿ, ಶರಾವತಿ, ಸೋಮೇಶ್ವರ ಇವೆಲ್ಲ ವನ್ಯಜೀವಿಧಾಮಗಳು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋದರೆ ಸಾಮಾನು ಸಮೇತ ಸಿಕ್ಕಿಬೀಳುತ್ತೀರಿ. ಕ್ಯಾಮೆರಾಗೆ ನಾಲ್ಕು ಮತ್ತಿಮರ ಕಂಡರೆ ಅದೇ ಕಾಡು. ಅಡಿಕೆ ತೋಟವೋ ಇನ್ನೂ ಚೆನ್ನ. ಸಾಲುಸಾಲು ಮರಗಳ ನಡುವೆ ಮುಚ್ಚಂಜೆಯಲ್ಲಿ ಯಾರೋ ದಾಟಿಹೋದಂತೆ ತೋರಿಸುವುದು ಬಲು ಸುಲಭ.

ಹಂತ 5: ಉಣ್ಣೆ, ಉಂಬಳ, ಹಾವು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಮಂಗನ ಕಾಯಿಲೆ ಹರಡುವುದು ಉಣ್ಣೆ ಕಚ್ಚುವುದರಿಂದ. ಉಣ್ಣೆ ಇರುವುದು ಕಾಡಿನ ಒಣಗಿದ ತರಗೆಲೆಯಲ್ಲಿ, ಪೊದೆಯಲ್ಲಿ. ಹಾರರ್ ಸಿನಿಮಾದವರಿಗೆ ಮಕ್ಕಳನ್ನು ತರಗೆಲೆ ಮೇಲೆ ಬೀಳಿಸುವುದೆಂದರೆ ಏನೋ ಪ್ರೀತಿ. ಬೀಳಿಸಬೇಡಿ. ಬೀಳಲೇಬೇಕಿದ್ದರೆ ಗುಡಿಸಿದ ಅಂಗಳದಲ್ಲಿ ಟಾರ್ಪಲ್ ಹಾಸಿ, ಮೇಲೆ ಮನೆಯಂಗಳದ ಎಲೆ ಹರಡಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ. ಉದ್ದ ತೋಳು, ಸಾಕ್ಸಿನೊಳಗೆ ಪ್ಯಾಂಟು. ಸಂಜೆ ಎಲ್ಲರಿಗೂ ಬಿಸಿನೀರು-ಸೋಪಿನ ಸ್ನಾನ, ಬಟ್ಟೆ ಅವತ್ತೇ ತೊಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಜಾಗದ ಶೂಟಿಂಗ್ ಕೈಬಿಡಿ. ಹಿಂತಿರುಗಿದ ಮೇಲೆ ಯಾರಿಗಾದರೂ ಜೋರು ಜ್ವರ, ತಲೆನೋವು ಬಂದರೆ ಕಾಡಿನಂಚಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಉಂಬಳ (ಜಿಗಣೆ) ಬರೀ ಕಿರಿಕಿರಿ. ಉಪ್ಪು, ಸುಣ್ಣ ಇದ್ದರೆ ಸಾಕು.

ಹಾವನ್ನು ತೋರಿಸುವ ಆಲೋಚನೆ ಬಿಡಿ. ಹಿಡಿದು ತಂದು ಆಡಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅಪಾಯವಂತೂ ಇದ್ದೇ ಇದೆ. ಆಗುಂಬೆ ಕಡೆ ಕಾಳಿಂಗ ತಾನಾಗೇ ಬಂದರೆ ಎಲ್ಲರನ್ನೂ ದೂರ ಕಳಿಸಿ ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಸುವನ್ನೂ ನಟನೆಗೆ ಎಳೆಯಬೇಡಿ. ಅದರ ಕೂಗು ಸಾಕು, ಕೊಟ್ಟಿಗೆಯ ಕತ್ತಲು ಸಾಕು.

ಹಂತ 6: ಕ್ಯಾಮೆರಾ ಮತ್ತು ಕತ್ತಲು

ಫೋನಿನ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕತ್ತಲನ್ನು ಬೆಳಕು ಮಾಡಲು ಹೋಗಿ ಕಾಳುಕಾಳು ಚಿತ್ರ ಕೊಡುತ್ತದೆ. ಕೈಯಿಂದ ಎಲ್ಲವನ್ನೂ ಹೊಂದಿಸಬಹುದಾದ ಆ್ಯಪ್ ಬೇಕು. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿಯೇ ಸಿಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಜ್. ಹೀಗಿಟ್ಟರೆ ಮನೆಯ ಬಲ್ಬುಗಳು ಚಿತ್ರದಲ್ಲಿ ಪಟಪಟ ಮಿನುಗುವುದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ) ಆದಷ್ಟು ಕೆಳಗಿರಲಿ. ಫೋಕಸ್, ವೈಟ್ ಬ್ಯಾಲೆನ್ಸ್ (ಚಿತ್ರದ ಬಣ್ಣ ನೀಲಿಗೋ ಹಳದಿಗೋ ವಾಲುವುದನ್ನು ಹೊಂದಿಸುವುದು) ಎರಡನ್ನೂ ಲಾಕ್ ಮಾಡಿ. ಮುಖ್ಯ ಲೆನ್ಸ್ ಒಂದರಲ್ಲೇ ತೆಗೆಯಿರಿ. ವೈಡ್, ಜೂಮ್ ಲೆನ್ಸ್‌ಗಳು ಕತ್ತಲಲ್ಲಿ ಇನ್ನೂ ಮಂಕು.

ಹೊರಗಿನ ರಾತ್ರಿಯನ್ನು ರಾತ್ರಿಯಲ್ಲಿ ತೆಗೆಯಬೇಡಿ. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆ ಆಸುಪಾಸು. ಅಲ್ಲಿಂದ ಇಪ್ಪತ್ತು-ಇಪ್ಪತ್ತೈದು ನಿಮಿಷ ಆಕಾಶದಲ್ಲಿ ನೀಲಿ ಬೆಳಕಿರುತ್ತದೆ. ವೈಟ್ ಬ್ಯಾಲೆನ್ಸನ್ನು 3800 ಕೆಲ್ವಿನ್ ಹತ್ತಿರ ಇಟ್ಟು, ಬೆಳಕನ್ನು ಸ್ವಲ್ಪ ಕಡಿಮೆಯೇ ತೆಗೆದುಕೊಂಡರೆ ತೆರೆಯ ಮೇಲೆ ಅದು ಬೆಳದಿಂಗಳ ರಾತ್ರಿ. ಈ ಅವಕಾಶ ದಿನಕ್ಕೆ ಒಂದೇ ಸಲ, ಎರಡು-ಮೂರು ಶಾಟ್ ಅಷ್ಟೇ ಆಗುವುದು. ಅದಕ್ಕೇ ಐದು ಗಂಟೆಗೇ ರಿಹರ್ಸಲ್ ಮುಗಿಸಿ ಎಲ್ಲರನ್ನೂ ಜಾಗದಲ್ಲಿ ನಿಲ್ಲಿಸಿರಬೇಕು. ಪಶ್ಚಿಮಕ್ಕೆ ಗುಡ್ಡ ಇದ್ದರೆ ಕತ್ತಲು ಇನ್ನೂ ಬೇಗ. ಹಿಂದಿನ ದಿನವೇ ಅದೇ ಹೊತ್ತಿಗೆ ಹೋಗಿ ನಿಂತು ನೋಡಿ.

ಒಳಗಿನ ರಾತ್ರಿ ಸುಲಭ. ಲಾಟೀನಿನ ನಿಜವಾದ ಬೆಳಕು ಫೋನಿಗೆ ಸಾಲದು. ಕರೆಂಟ್ ಹೋದಾಗ ಉರಿಯುವ ಚಾರ್ಜಬಲ್ ಎಲ್‌ಇಡಿ ಬಲ್ಬೊಂದಕ್ಕೆ ಕೇಸರಿ ಬಣ್ಣದ ಜಿಲೆಟಿನ್ ಹಾಳೆ ಸುತ್ತಿ, ಲಾಟೀನಿನ ಹಿಂದೆ, ಕ್ಯಾಮೆರಾಗೆ ಕಾಣದ ಕಡೆ ಕಟ್ಟಿ. ಲಾಟೀನು ಎತ್ತಿಕೊಂಡು ನಡೆದರೆ ಬೆಳಕೂ ನಡೆಯುತ್ತದೆ, ಗೋಡೆಯ ನೆರಳೂ ನಡೆಯುತ್ತದೆ. ಮುಖದ ಮೇಲೆ ಒಂಚೂರು ಬೆಳಕು ಬೇಕಿದ್ದರೆ ಟಾರ್ಚನ್ನು ಬಿಳಿ ಪಂಚೆಯ ಮೇಲೆ ಬಿಡಿ, ಅಲ್ಲಿಂದ ಮರಳಿ ಬಂದಷ್ಟು ಸಾಕು. ನೇರ ಟಾರ್ಚ್ ಹೊಡೆದರೆ ಆಧಾರ್ ಕಾರ್ಡ್ ಫೋಟೋ.

ಇಡೀ ಕೋಣೆ ಬೆಳಗಲು ಹೋಗಬೇಡಿ. ಒಂದು ಮೂಲೆ ಕಪ್ಪಾಗಿಯೇ ಇರಲಿ. ಆ ಮೂಲೆಯ ಕಡೆ ಮಕ್ಕಳು ಯಾರೂ ನೋಡದಿರಲಿ. ಕ್ಯಾಮೆರಾ ಅಲ್ಲಾಡದೆ ಹತ್ತು ಸೆಕೆಂಡ್ ನಿಲ್ಲಲಿ. ನೋಡುವವರು ತಾವೇ ಅಲ್ಲಿ ಏನನ್ನೋ ಕಾಣುತ್ತಾರೆ. ಕೈಯಲ್ಲಿ ಕ್ಯಾಮೆರಾ ಹಿಡಿದು ಓಡುವುದನ್ನು ಇಡೀ ಸಿನಿಮಾಗೆ ಒಂದೇ ಸಲ ಇಟ್ಟುಕೊಳ್ಳಿ.

ಹಂತ 7: ದನಿ

ದುಡ್ಡು ಖರ್ಚು ಮಾಡಬೇಕಾದ ಜಾಗ ಇದು. ಚಿತ್ರ ಮಂಕಾಗಿದ್ದರೆ ಜನ ಕ್ಷಮಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಒಂದು ಪುಟ್ಟ ರೆಕಾರ್ಡರ್, ಒಂದು ಶಾಟ್‌ಗನ್ ಮೈಕ್ (ಮುಖ್ಯವಾಗಿ ಎದುರಿನ ದನಿ ಹಿಡಿಯುವ ಉದ್ದನೆ ಮೈಕ್) ಬಾಡಿಗೆಗೆ ತನ್ನಿ. 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಅದೂ ಆಗದಿದ್ದರೆ ಕಾಲರ್ ಮೈಕ್ ಸಿಕ್ಕಿಸಿದ ಇನ್ನೊಂದು ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ನಟನ ಜೇಬಿಗೆ ಹಾಕಿ. ಪ್ರತಿ ಶಾಟ್ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಎಡಿಟಿಂಗ್‌ನಲ್ಲಿ ಚಿತ್ರ-ದನಿ ಕೂಡಿಸಲು ಅದೇ ಗುರುತು.

ಪ್ರತಿ ಕೋಣೆಯಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ಅಟ್ಟದ ಮೌನ ಬೇರೆ, ಬಚ್ಚಲಿನ ಮೌನ ಬೇರೆ. ಫ್ರಿಜ್, ಮೋಟಾರು ಆಫ್ ಮಾಡಿಸಿ. ಆಮೇಲೆ ನೆನಪಿಟ್ಟು ಆನ್ ಮಾಡಿ, ಇಲ್ಲದಿದ್ದರೆ ಮನೆಯವರು ಮತ್ತೆ ಒಳಗೆ ಬಿಡುವುದಿಲ್ಲ.

ಇನ್ನು ಮಲೆನಾಡು ಪುಕ್ಕಟೆ ಕೊಡುವ ದನಿಗಳು. ಸಂಜೆಯಾದರೆ ಜೀರುಂಡೆ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ಅದನ್ನು ಹತ್ತು ನಿಮಿಷ ತೆಗೆದಿಟ್ಟುಕೊಳ್ಳಿ. ಸಿನಿಮಾದಲ್ಲಿ ರಾತ್ರಿಯ ದೃಶ್ಯಕ್ಕೆಲ್ಲ ಅದನ್ನು ಹಾಸಿ. ನಿಮಗೆ ಬೇಕಾದ ಕ್ಷಣದಲ್ಲಿ ಥಟ್ಟನೆ ನಿಲ್ಲಿಸಿ. ಕಾಡಿನಂಚಿನಲ್ಲಿ ಬೆಳೆದವರಿಗೆ ಗೊತ್ತು, ಹತ್ತಿರ ಯಾರಾದರೂ ಬಂದಾಗಲೇ ಹುಳ ಸುಮ್ಮನಾಗುವುದು. ಯಾವ ಸಂಗೀತವೂ ಆ ಕೆಲಸ ಮಾಡುವುದಿಲ್ಲ. ಕಾಡುಕುರಿ ರಾತ್ರಿ ನಾಯಿಯ ಹಾಗೆ ಬೊಗಳುತ್ತದೆ, ಆದರೆ ನಾಯಿಯಲ್ಲ ಅಂತ ಕೇಳಿದ ತಕ್ಷಣ ಗೊತ್ತಾಗುತ್ತದೆ. ಮಲಬಾರ್ ವಿಸ್ಲಿಂಗ್ ಥ್ರಶ್ ಅನ್ನುವ ಹಕ್ಕಿ ಮಳೆಗಾಲದ ನಸುಕಿನಲ್ಲಿ ಹಳ್ಳದ ಬದಿ ಕೂತು ಶಿಳ್ಳೆ ಹಾಕುತ್ತದೆ, ಥೇಟು ಮನುಷ್ಯರ ಶಿಳ್ಳೆ, ರಾಗ ಮರೆತ ಹುಡುಗ ಹಾಕಿದಂತೆ. ಜುಲೈನಲ್ಲಿ ಮಳೆ ತೆಗೆಯಲು ಹೋದಾಗ ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಎರಡನೇ ಬೆಳಿಗ್ಗೆ ಆ ಶಿಳ್ಳೆ ಕೇಳಿ, ಅಪ್ಪಯ್ಯ ಬಂದ್ರು ಅಂತ ಮಕ್ಕಳು ಹಳ್ಳದ ಕಡೆ ಓಡಲಿ. ಹಸುವಿನ ಕೂಗನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ ನೋಡಿ, ಹಿನ್ನೆಲೆ ಸಂಗೀತದ ಖರ್ಚು ಉಳಿಯಿತು. ಬೇರೆಯವರ ಹಾಡು ಹಾಕಿದರೆ ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ತಕರಾರು ಬರುವುದು ಗ್ಯಾರಂಟಿ.

ಹಂತ 8: ಮಳೆ, ಹೊಗೆ, ರಕ್ತ

ಮಕ್ಕಳು ನೆನೆಯುವ ಶಾಟಿಗೆ ಮಳೆ ಬೇಕಾದರೆ ತೋಟದ ಮನೆಗಳಲ್ಲಿ ಯಂತ್ರ ಇದ್ದೇ ಇರುತ್ತದೆ. ಅಡಿಕೆಗೆ ಔಷಧಿ ಹೊಡೆಯುವ ಪಂಪು! ನಾಜಲನ್ನು ಮೇಲಕ್ಕೆ ಹಿಡಿದು ಹೊಡೆದರೆ ಹನಿಹನಿಯಾಗಿ ಬೀಳುತ್ತದೆ. ಆದರೆ ಆ ಡ್ರಮ್ಮು, ಪೈಪಿನಲ್ಲಿ ಬೋರ್ಡೋ ದ್ರಾವಣದ ಮೈಲುತುತ್ತ, ಸುಣ್ಣ ಉಳಿದಿರುತ್ತದೆ. ಮಕ್ಕಳ ಕಣ್ಣಿಗೆ ಬಿದ್ದರೆ ಅನಾಹುತ. ಬೇರೆ ಡ್ರಮ್, ಹೊಸ ಪೈಪ್ ಹಾಕಿ, ಪಂಪಿನೊಳಗೆ ಒಳ್ಳೆಯ ನೀರು ಬಹಳ ಹೊತ್ತು ಹರಿಸಿದ ಮೇಲಷ್ಟೇ ಬಳಸಿ. ಅದೂ ನೆನೆಯುವವರ ತಲೆಯ ಮೇಲೆ ಬೇಡ, ಅವರಿಗೂ ಕ್ಯಾಮೆರಾಗೂ ನಡುವೆ ಮಾತ್ರ. ಮೈಮೇಲೆ ಸುರಿಯಲು ಚೊಂಬು-ಬಕೆಟ್ ಸಾಕು. ಮಳೆ ಚಿತ್ರದಲ್ಲಿ ಕಾಣಬೇಕಾದರೆ ಬೆಳಕು ಹನಿಗಳ ಹಿಂದಿನಿಂದ ಬರಬೇಕು, ಮುಂದಿನಿಂದ ಬಿಟ್ಟರೆ ಮಳೆ ಮಾಯ. ಕರೆಂಟಿನ ದೀಪಗಳನ್ನು ಆ ಕಡೆ ತರಲೇಬೇಡಿ, ಬ್ಯಾಟರಿಯವು ಮಾತ್ರ.

ಹೊಗೆಗೆ ಯಂತ್ರ ಬೇಡ. ಬಚ್ಚಲ ಒಲೆಗೆ ಹಸಿ ಸೌದೆ ಇಟ್ಟರೆ ಹೆಂಚಿನ ಸಂದಿಯಿಂದ ಏಳುವ ಹೊಗೆ, ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲು, ಎರಡೂ ಸೇರಿದರೆ ಸಾಕು. ಉಬ್ಬಸ ಇರುವ ಮಗು ತಂಡದಲ್ಲಿದೆಯಾ ಅಂತ ಮೊದಲೇ ಕೇಳಿ. ಹುಲ್ಲುಬಣವೆ ಹತ್ತಿರ ಬೆಂಕಿ ಬೇಡ.

ರಕ್ತ ಈ ಕಥೆಗೆ ಹೆಚ್ಚು ಬೇಡ. ಬೇಕೇ ಬೇಕು ಅಂದರೆ ಜೋನಿಬೆಲ್ಲಕ್ಕೆ (ನೀರಾದ ಬೆಲ್ಲ) ಕೆಂಪು ಬಣ್ಣ (ಅಡುಗೆಗೆ ಹಾಕುವಂಥದ್ದು), ಚಿಟಿಕೆ ಕೋಕೋ ಪುಡಿ ಬೆರೆಸಿ. ಇರುವೆ ಮುತ್ತುವ ಮುಂಚೆ ಶಾಟ್ ಮುಗಿಸಿ. ಒಣಗಿದ ಕಲೆಗೆ ಅಡಿಕೆ ಬೇಯಿಸಿದ ಚೊಗರಿಗಿಂತ ಒಳ್ಳೆಯದಿಲ್ಲ. ಬಟ್ಟೆಗೆ ಹತ್ತಿದರೆ ಕಪ್ಪುಗೆಂಪು, ತೊಳೆದರೂ ಹೋಗುವುದಿಲ್ಲ, ಹಾಗಾಗಿ ಹಳೇ ಬಟ್ಟೆಗೆ ಮಾತ್ರ. ಹಿಂದಿನ ವರ್ಷದ ಚೊಗರು ಡಬ್ಬಿಯಲ್ಲಿ ಇಟ್ಟಿರುವ ಮನೆಗಳಿವೆ, ಕೇಳಿ ನೋಡಿ.

ಹಂತ 9: ಲೆಕ್ಕ

ಮಕ್ಕಳು, ತಂಡ ಸೇರಿ 14 ಜನ, 6 ದಿನ ಅಂತ ಇಟ್ಟುಕೊಂಡು ನನ್ನ ಅಂದಾಜು ಹೇಳುತ್ತೇನೆ. ಊಟ-ತಿಂಡಿ-ಕಾಫಿಗೆ 18,000. ಅಂದರೆ ಒಬ್ಬರಿಗೆ ದಿನಕ್ಕೆ ಸುಮಾರು 215 ರೂಪಾಯಿ, ಮನೆಯಲ್ಲೇ ಅಡುಗೆ ಮಾಡಿಸಿದರೆ ಸಾಕಾಗುತ್ತದೆ. ಜೀಪು, ಪೆಟ್ರೋಲ್ 8,000. ರೆಕಾರ್ಡರ್, ಮೈಕ್ ಬಾಡಿಗೆ 6,000. ಹಾರ್ಡ್ ಡಿಸ್ಕ್ 5,000. ಬಲ್ಬು, ಪವರ್ ಬ್ಯಾಂಕ್, ಫೋನ್ ಸ್ಟ್ಯಾಂಡ್ 4,000. ಬಟ್ಟೆ, ಸಾಮಾನು 3,000. ಮನೆಯವರಿಗೆ ಕರೆಂಟ್-ಸೌದೆ ಲೆಕ್ಕದಲ್ಲಿ 3,000. ಔಷಧಿ ಪೆಟ್ಟಿಗೆ 1,000. ಉಳಿದ 7,000 ಮುಟ್ಟದೆ ಇಟ್ಟುಕೊಳ್ಳಿ, ಒಂದು ದಿನ ಮಳೆಗೆ ಹೋದರೆ ಬೇಕಾಗುತ್ತದೆ. ಒಟ್ಟು 55,000. ಇದರಲ್ಲಿ ಮಕ್ಕಳ ಸಂಭಾವನೆ ಇಲ್ಲ. ಕೊಡಲು ಆಗದಿದ್ದರೆ ಮೊದಲೇ ಅಪ್ಪ-ಅಮ್ಮನಿಗೆ ಹೇಳಿಬಿಡಿ, ಸಿನಿಮಾದಿಂದ ದುಡ್ಡು ಬಂದರೆ ಎಷ್ಟು ಪಾಲು ಅನ್ನುವುದನ್ನೂ ಬರೆದುಕೊಡಿ.

ಊಟದಲ್ಲಿ ಉಳಿಸಲು ಹೋಗಬೇಡಿ. ಹಸಿದ ಹುಡುಗರು ಹೆದರಿದಂತೆ ನಟಿಸುವುದಿಲ್ಲ, ಮುನಿಸಿಕೊಂಡಂತೆ ನಟಿಸುತ್ತಾರೆ.

ಹಂತ 10: ದಿನಗಳ ಹಂಚಿಕೆ

ಇಂಥ ಕಥೆಯನ್ನು ಆದಷ್ಟು ಕಥೆಯ ಕ್ರಮದಲ್ಲೇ ತೆಗೆಯಿರಿ. ಒಂದೇ ಮನೆ, ಹಾಗಾಗಿ ಸಾಧ್ಯ. ಮೊದಲ ದಿನದ ಖುಷಿ, ಮೂರನೇ ದಿನದ ದಣಿವು ಮಕ್ಕಳ ಮುಖದಲ್ಲಿ ತಾನಾಗಿಯೇ ಬರುತ್ತದೆ. ಕೂದಲಿಗೆ ಎಣ್ಣೆ ಹಾಕುವುದನ್ನು, ಬಟ್ಟೆ ಬದಲಿಸುವುದನ್ನು ನಿಲ್ಲಿಸಿ. ಶೂಟಿಂಗಿಗೆ ಹಾಕುವ ಬಟ್ಟೆ ಬೇರೆ ಇರಲಿ, ಒಂದೇ ಥರದ ಎರಡು ಜೊತೆ. ಸಂಜೆ ತೊಳೆದರೂ ಕಲೆಗಳನ್ನು ಫೋಟೋ ನೋಡಿ ಮತ್ತೆ ಹಚ್ಚಬಹುದು. ಮನೆಯೂ ದಿನದಿನಕ್ಕೆ ಕೆಡಬೇಕು: ತೊಳೆಯದ ತಟ್ಟೆ, ಮಡಚದ ಕಂಬಳಿ, ಜಗಲಿಯಲ್ಲಿ ಕೆಸರಿನ ಹೆಜ್ಜೆ. ಆಮೇಲೆ ಎರಡನೇ ಬೆಳಿಗ್ಗೆ ಒಂದೇ ಒಂದು ಜಾಗ ಚೊಕ್ಕಟವಾಗಿರುತ್ತದಲ್ಲ, ಅದು ಆಗ ಕಣ್ಣಿಗೆ ಹೊಡೆಯುತ್ತದೆ.

ಪ್ರತಿ ರಾತ್ರಿ ಮಲಗುವ ಮುಂಚೆ ಫೂಟೇಜನ್ನು ಎರಡು ಕಡೆ ಕಾಪಿ ಮಾಡಿ. ಹಗಲು ಕರೆಂಟ್ ಇದ್ದಾಗಲೇ ಎಲ್ಲ ಚಾರ್ಜ್ ಆಗಲಿ, ಸಂಜೆ ಗಾಳಿ ಬೀಸಿತೆಂದರೆ ಲೈನ್ ಹೋಗುವುದು ನಿಮಗೂ ಗೊತ್ತು.

ಇನ್ನೊಂದು ಕೆಲಸ ಮರೆಯಬೇಡಿ. ಆರನೇ ಎಲೆ, ಬಿಸಿ ಹಂಡೆ ಇವುಗಳ ಗುಟ್ಟನ್ನು ಮಕ್ಕಳಿಗೆ ಮೊದಲೇ ಹೇಳಿ. ನಿಜವಾಗಿ ಹೆದರಿಸಿ ಪ್ರತಿಕ್ರಿಯೆ ತೆಗೆಯುವುದು ಕೆಲವರಿಗೆ ದೊಡ್ಡ ಜಾಣತನ ಅನಿಸುತ್ತದೆ. ಒಂದು ಸಲ ಹಾಗೆ ಮಾಡಿದರೆ ಉಳಿದ ದಿನವೆಲ್ಲ ಅವರು ನಿಮ್ಮನ್ನು ನಂಬುವುದಿಲ್ಲ, ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗುವುದಿಲ್ಲ.

ಹಂತ 11: ಎಡಿಟಿಂಗ್, ತೋರಿಸುವುದು

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಸಾಕು. ಮೊದಲು ದನಿ ಇಲ್ಲದೆ ಜೋಡಿಸಿ ನೋಡಿ, ಆಮೇಲೆ ಚಿತ್ರ ಮುಚ್ಚಿ ಬರೀ ದನಿ ಕೇಳಿ. ಎರಡರಲ್ಲೂ ಕಥೆ ತಿಳಿಯಬೇಕು. ಬೆಚ್ಚಿಬೀಳಿಸುವ 'ಢಣ್' ಸದ್ದು ಒಂದೂ ಬೇಡ ಅನ್ನುವುದು ನನ್ನ ಹಟ, ನೀವು ಬೇಕಿದ್ದರೆ ಒಂದು ಇಟ್ಟುಕೊಳ್ಳಿ.

ಯೂಟ್ಯೂಬಿಗೆ ಹಾಕಲು ಸೆನ್ಸಾರ್ ಬೇಕಿಲ್ಲ. ಟಿಕೆಟ್ ಇಟ್ಟು ಥಿಯೇಟರಿನಲ್ಲಿ ತೋರಿಸುವುದಾದರೆ ಬೇಕೇ ಬೇಕು, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. 2023ರ ತಿದ್ದುಪಡಿಯ ನಂತರ ಯು/ಎ ಸರ್ಟಿಫಿಕೇಟಿನಲ್ಲಿ 7+, 13+, 16+ ಅಂತ ಮೂರು ಬಗೆ ಇವೆ. ಮಕ್ಕಳೇ ನಟಿಸಿದ ಸಿನಿಮಾವನ್ನು ಆ ಮಕ್ಕಳ ಸ್ನೇಹಿತರು ನೋಡುವಂತಿರಬೇಕಲ್ವಾ? ಸ್ಕ್ರಿಪ್ಟ್ ಬರೆಯುವಾಗಲೇ ಇದು ತಲೆಯಲ್ಲಿರಲಿ.

ಮೊದಲ ಪ್ರದರ್ಶನ ಮನೆ ಕೊಟ್ಟವರಿಗೆ, ಅವರ ಅಂಗಳದಲ್ಲೇ. ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಇಡಿ. ಕತ್ತಲ ಚಿತ್ರಗಳು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡು ಪ್ರೊಜೆಕ್ಟರಿನಲ್ಲಿ ಪೂರ್ತಿ ಕಪ್ಪಾಗುತ್ತವೆ. ಅದಕ್ಕೇ ಹಿಂದಿನ ರಾತ್ರಿಯೇ ಅದೇ ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಿ, ಬೇಕಿದ್ದರೆ ಸ್ವಲ್ಪ ಬೆಳಕೇರಿಸಿದ ಇನ್ನೊಂದು ಕಾಪಿ ಮಾಡಿಟ್ಟುಕೊಳ್ಳಿ. ಎಚ್‌ಡಿಎಂಐ ಕೇಬಲ್ ಎರಡು ಇರಲಿ. ಸ್ಪೀಕರ್ ಬಾಡಿಗೆಗೆ ತರುವಾಗ ಯುಪಿಎಸ್ ಕೂಡ ಕೇಳಿ.